ಭೂಕಂಪಕ್ಕೆ ಬೀಳದ ಮನೆ: ಮೂಲೆ, ಪಟ್ಟಿ, ಕೊಕ್ಕೆ

(ಕಲಬುರಗಿ ಕಡೆಯ ಗೌಂಡಿಗಳು ಮತ್ತು ಹೊಸದಾಗಿ ಮನೆ ಕಟ್ಟಿಸ್ತಿರೋರ ಮುಂದೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ರಿಂದ ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಭೂಕಂಪ ಅಂದ ಕೂಡ್ಲೇ ಜನ ಕೇಳೋದು ಎರಡೇ ಪ್ರಶ್ನೆ, ರಿಕ್ಟರ್ ಎಷ್ಟು, ಮುಂದಿಂದು ಯಾವಾಗ. ಇಂಥ ದಿನ ಇಂಥ ಊರಲ್ಲಿ ಆಗುತ್ತೆ ಅಂತ ಮೊದಲೇ ಹೇಳೋ ವಿದ್ಯೆ ಪ್ರಪಂಚದಲ್ಲಿ ಎಲ್ಲೂ ಇಲ್ಲ, ಟಿವಿಲಿ ಕೂತು ಹೇಳೋ ಜ್ಯೋತಿಷಿಗಳ ಹತ್ರ ಅಂತೂ ಇಲ್ಲವೇ ಇಲ್ಲ. ಅದಕ್ಕೇ ಅದನ್ನ ಬಿಟ್ಟು ನಮ್ಮ ಕೈಯಲ್ಲಿರೋದನ್ನ ಮಾತಾಡೋಣ: ಗೋಡೆ, ಮೂಲೆ, ಲಿಂಟಲ್, ರಿಂಗು. ಭೂಮಿ ನಡುಗಿದ್ರಿಂದ ಸಾಯೋರು ಕಡಿಮೆ ನೋಡ್ರಿ, ಮನೆ ಮೈಮೇಲೆ ಬಿದ್ದು ಸಾಯೋರೇ ಜಾಸ್ತಿ. ಆ ಮನೆ ಕಟ್ಟಿದ್ದು ನಾವೇ.

ನಮಗೆ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಕಿಲ್ಲಾರಿ. ಆಳಂದ, ಬಸವಕಲ್ಯಾಣ ದಾಟಿ ಉಮರ್ಗಾ ಕಡೆ ಹೋದ್ರೆ ಸಿಗೋ ಸೀಮೆ ಅದು, ಗಡಿ ಅನ್ನೋದು ಮ್ಯಾಪಲ್ಲಿ ಮಾತ್ರ, ಅಲ್ಲಿಯ ಹಳೇ ಮನೆಗೂ ನಮ್ಮ ಕಡೆ ಹಳೇ ಮನೆಗೂ ಏನೂ ಫರಕ್ ಇಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3:56. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಜನ ತಡವಾಗಿ ಮಲಗಿದ್ರು. ತೀವ್ರತೆ 6.2. ಪ್ರಪಂಚದಲ್ಲಿ 6ರ ಮೇಲಿನ ಭೂಕಂಪ ವರ್ಷಕ್ಕೆ ನೂರಕ್ಕೂ ಹೆಚ್ಚು ಆಗ್ತವೆ, ಬಹಳಷ್ಟು ಸಮುದ್ರದಲ್ಲೋ ಕಾಡಲ್ಲೋ ಆಗಿ ಸುದ್ದಿನೂ ಆಗಲ್ಲ. ಇಲ್ಲಿ ಸತ್ತೋರು ಸುಮಾರು ಎಂಟು ಸಾವಿರ, ಹತ್ತು ಸಾವಿರದ ಹತ್ರ ಅಂತಾನೂ ಲೆಕ್ಕ ಇದೆ. ಅಷ್ಟೇ ತೀವ್ರತೆಯದು ಜಪಾನಿನ ಒಂದು ಹಳ್ಳಿ ಕೆಳಗೆ ಆಗಿದ್ರೆ ಸಾವಿರದ ಮಾತೇ ಬರ್ತಿರಲಿಲ್ಲ.

ಯಾಕೆ ಹಂಗಾಯ್ತು ಅಂದ್ರೆ ಆ ಗೋಡೆ ನೋಡ್ಬೇಕು. ಹೊರಗಿಂದ ನೋಡಿದ್ರೆ ಕೋಟೆ ಇದ್ದಂಗೆ, ಎರಡು ಅಡಿಯಿಂದ ನಾಲ್ಕು ಅಡಿ ದಪ್ಪ, ಇದಕ್ಕೇನಾಗುತ್ತೆ ಬಿಡ್ರಿ ಅನ್ನಿಸುತ್ತೆ. ಆದ್ರೆ ಅದು ಒಂದು ಗೋಡೆ ಅಲ್ಲ, ಎರಡು ಗೋಡೆ! ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು ತುಂಬಿದ್ದು. ಎರಡನ್ನೂ ಹಿಡಿದಿಡೋ ಉದ್ದ ಕಲ್ಲು ಬಹಳ ಕಡೆ ಇರಲೇ ಇಲ್ಲ. ವರ್ಷಗಟ್ಲೆ ಮಳೆ ನೀರು ಒಳಗಿಳಿದು ನಡುವಿನ ಮಣ್ಣು ಸಡಿಲ ಆಗಿರುತ್ತೆ, ನೆಲ ಅಲುಗಾಡಿದಾಗ ಆ ಚೂರುಗಲ್ಲು ಕೆಳಗೆ ಜಾರಿ ಕೂರುತ್ತೆ, ಎರಡೂ ಸಾಲನ್ನ ಬದಿಗೆ ತಳ್ಳುತ್ತೆ, ಹೊರಗಿನ ಸಾಲು ಹೊರಗೆ, ಒಳಗಿನ ಸಾಲು ಒಳಗೆ ಮಲಗಿದೋರ ಮೇಲೆ. ಎಷ್ಟೋ ಮನೆಗಳಲ್ಲಿ ಮರದ ಕಂಬ, ತೊಲೆ, ಜಂತಿ ಹಾಗೇ ನಿಂತಿದ್ವು, ಕಲ್ಲಿನ ಗೋಡೆ ಮಾತ್ರ ಸುತ್ತ ಕುಸಿದಿತ್ತು. ಅಂದ್ರೆ ಬಡಗಿ ಮಾಡಿದ ಜೋಡಣೆ ತಡ್ಕೊಂಡ್ತು, ಗೌಂಡಿ ಕಟ್ಟಿದ್ದು ತಡ್ಕೊಳ್ಳಲಿಲ್ಲ. ಗೌಂಡಿಗಳು ಬೇಜಾರು ಮಾಡ್ಕೋಬೇಡಿ, ಬಡಗಿ ಕಚ್ಚು ಕೊರೆದು ಒಂದನ್ನೊಂದು ಸಿಗಿಸಿದ್ದ, ನಮ್ಮ ಕಲ್ಲುಗಳು ಬರೀ ಒಂದರ ಮೇಲೊಂದು ಕೂತಿದ್ವು ಅಷ್ಟೇ.

ಇನ್ನು ಮಾಳಿಗೆ, ಅಂದ್ರೆ ಮೇಲೆ ಮಣ್ಣು ಹಾಕಿದ ಚಾವಣಿ. ಬೇಸಿಗೆಗೆ ತಂಪು, ನಿಜ, ನಾನೂ ಅಂಥ ಮನೇಲಿ ಮಲಗಿದೋನೇ. ಆದ್ರೆ ಲೆಕ್ಕ ಹಾಕಿ ನೋಡ್ರಿ. ಹತ್ತು ಅಡಿಗೆ ಹತ್ತು ಅಡಿ ಕೋಣೆ ಮೇಲೆ ಒಂದಡಿ ದಪ್ಪ ಮಣ್ಣಿದ್ರೆ ಅದರ ತೂಕನೇ ನಾಲ್ಕೂವರೆ ಟನ್ ಮೇಲಾಗುತ್ತೆ, ಮಳೆಗೆ ನೆನೆದ್ರೆ ಇನ್ನೂ ಜಾಸ್ತಿ, ಮತ್ತೆ ಪ್ರತಿ ಮಳೆಗಾಲಕ್ಕೂ ಸೋರುತ್ತೆ ಅಂತ ಮೇಲೆ ಹೊಸ ಮಣ್ಣು ಹಾಕ್ತಾನೇ ಹೋಗ್ತಾರೆ, ಹಳೇದು ತೆಗೆಯೋರು ಯಾರು? ಭೂಕಂಪದ ಬಲ ಅನ್ನೋದು ಹೊರಗಿಂದ ಬಂದು ಹೊಡೆಯೋದಲ್ಲ, ಮನೆಯ ಸ್ವಂತ ತೂಕದಿಂದಲೇ ಹುಟ್ಟೋದು. ನೆಲ ಪಕ್ಕಕ್ಕೆ ಸರಿಯುತ್ತೆ, ಮೇಲಿನ ತೂಕ ಇದ್ದಲ್ಲೇ ಇರೋಕೆ ನೋಡುತ್ತೆ, ನಡುವೆ ಸಿಕ್ಕ ಗೋಡೆ ಹರಿಯುತ್ತೆ. ತಲೆ ಮೇಲೆ ಭಾರ ಕಡಿಮೆ ಇದ್ದಷ್ಟೂ ಗೋಡೆಗೆ ಕೆಲಸ ಕಡಿಮೆ. ಗುಜರಾತಿನ ಕಛ್‌ನಲ್ಲಿ ಭುಂಗಾ ಅಂತ ಗುಂಡಗಿನ ಮಣ್ಣಿನ ಮನೆಗಳಿದಾವೆ, ಮೇಲೆ ಹಗುರವಾದ ಹುಲ್ಲಿನ ಗೋಪುರ. 2001ರ ಭುಜ್ ಭೂಕಂಪದಲ್ಲಿ ಸುತ್ತಮುತ್ತ ಕಲ್ಲಿನ ಮನೆ, ಕಾಂಕ್ರೀಟ್ ಮನೆ ಬಿದ್ದಾಗ ಈ ಮಣ್ಣಿನ ಮನೆಗಳು ಬಹಳಷ್ಟು ನಿಂತ್ವು. ಗುಂಡಗಿದ್ದಿದ್ರಿಂದ ಬಿಟ್ಟುಕೊಳ್ಳೋಕೆ ಮೂಲೆನೇ ಇಲ್ಲ, ಮೇಲೆ ತೂಕನೂ ಇಲ್ಲ. ಹಾಗಾಗಿ ಮಣ್ಣು ಕೆಟ್ಟದ್ದು ಸಿಮೆಂಟ್ ಒಳ್ಳೇದು ಅನ್ನೋ ಲೆಕ್ಕ ತಪ್ಪು, ಏನು ಹಾಕಿದೀವಿ ಅನ್ನೋದಕ್ಕಿಂತ ಅದನ್ನ ಹೆಂಗೆ ಕಟ್ಟಿಹಾಕಿದೀವಿ ಅನ್ನೋದು ಮುಖ್ಯ.

ಇನ್ನೊಂದು ವಿಷಯ, ಕಿಲ್ಲಾರಿ ಇದ್ದಿದ್ದು ಆಗಿನ ಸರ್ಕಾರಿ ಭೂಕಂಪ ಮ್ಯಾಪಿನ ಒಂದನೇ ವಲಯದಲ್ಲಿ, ಅಂದ್ರೆ ದೇಶದಲ್ಲೇ ಅತ್ಯಂತ ಸುರಕ್ಷಿತ ಅಂದ್ಕೊಂಡಿದ್ದ ಜಾಗ. ಆಮೇಲೆ 2002ರಲ್ಲಿ ಐಎಸ್ 1893, ಅಂದ್ರೆ ಭೂಕಂಪಕ್ಕೆ ತಕ್ಕಂಗೆ ಕಟ್ಟಡ ವಿನ್ಯಾಸ ಮಾಡೋ ಭಾರತದ ಕೋಡ್, ಪರಿಷ್ಕರಣೆ ಆದಾಗ ಒಂದನೇ ವಲಯ ಅನ್ನೋದನ್ನೇ ತೆಗೆದುಹಾಕಿದ್ರು. ಆ ಮ್ಯಾಪಲ್ಲಿ ಬೆಂಗಳೂರು, ಮೈಸೂರು, ಕಲಬುರಗಿ ಎರಡನೇ ವಲಯ, ಬೆಳಗಾವಿ, ವಿಜಯಪುರ, ಕಾರವಾರ, ಮಂಗಳೂರು ಮೂರನೇ ವಲಯ. ನಮ್ದು ಬರೀ ಎರಡು ಸರ್ ಅಂತ ಖುಷಿ ಪಡೋರು ಕಿಲ್ಲಾರಿ ಒಂದರಲ್ಲಿತ್ತು ಅನ್ನೋದು ನೆನಪಿಟ್ಕೊಂಡ್ರೆ ಸಾಕು. ನಮ್ಮ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರಲ್ಲಿ ಸಣ್ಣ ಸಣ್ಣ ಕಂಪನ ಶುರುವಾಗಿ, 11ನೇ ತಾರೀಖು 4.1 ಆದಾಗ ಜನ ಮನೆ ಒಳಗೆ ಮಲಗೋದನ್ನೇ ಬಿಟ್ರು ಅಲ್ವಾ. ಇಂಥ ಸಣ್ಣ ಕಂಪನಗಳ ಸರಣಿ ಹೆಚ್ಚಿನ ಕಡೆ ತಾನಾಗೇ ನಿಲ್ಲುತ್ತೆ, ಹೆದರಿಸೋಕೆ ಹೇಳ್ತಿಲ್ಲ. ಆದ್ರೆ ಕಿಲ್ಲಾರೀಲೂ ಹಿಂದಿನ ವರ್ಷ, 1992ರಲ್ಲಿ, ಇಂಥದೇ ಸಣ್ಣ ಕಂಪನಗಳು ಬಂದಿದ್ವು ಅನ್ನೋದೂ ನಿಜ.

ಈಗ ಕೆಲಸದ ಮಾತು. ನಾಲ್ಕು ಗೋಡೆ ಇದಾವೆ ಅಂದ್ಕೊಳ್ರಿ, ಮೂಲೇಲಿ ಒಂದಕ್ಕೊಂದು ಸರಿಯಾಗಿ ಸಿಗಿಸಿಲ್ಲ. ನೆಲ ಪೂರ್ವ ಪಶ್ಚಿಮ ಅಲುಗಾಡಿದ್ರೆ ಅದೇ ದಿಕ್ಕಿಗೆ ಉದ್ದಕ್ಕಿರೋ ಎರಡು ಗೋಡೆ ತಡ್ಕೊಳ್ತವೆ, ಗೋಡೆ ತನ್ನ ಉದ್ದಕ್ಕೆ ಗಟ್ಟಿ. ಅಡ್ಡ ನಿಂತಿರೋ ಎರಡು ಗೋಡೆ ಮಾತ್ರ ಮುಂದಕ್ಕೋ ಹಿಂದಕ್ಕೋ ಮಗುಚಿಬೀಳ್ತವೆ, ಮೂಲೇಲಿ ಮೇಲಿಂದ ಕೆಳಗೆ ಸೀಳು ಬಿಡೋದು ಅಲ್ಲೇ. ನಾಲ್ಕೂ ಗೋಡೆ ಒಟ್ಟಿಗೆ ಹಿಡ್ಕೊಂಡಿದ್ರೆ ಬೀಳೋ ಗೋಡೆನ ನಿಲ್ಲೋ ಗೋಡೆ ಹಿಡಿಯುತ್ತೆ. ಇದಕ್ಕೇ ಸುತ್ತು ಪಟ್ಟಿ ಅಂತ ಹಾಕೋದು. ಎತ್ತಿನ ಬಂಡಿ ಗಾಲಿಗೆ ಕಬ್ಬಿಣದ ಹಳಿ ಕಾಯಿಸಿ ಕೂರಿಸ್ತಾರಲ್ಲ, ಒಳಗಿನ ಮರದ ತುಂಡುಗಳು ಎಷ್ಟೇ ಗಟ್ಟಿ ಇದ್ರೂ ಆ ಹಳಿ ಇಲ್ಲದಿದ್ರೆ ಮೊದಲ ಗುಂಡೀಲೇ ಗಾಲಿ ಬಿಚ್ಕೊಳ್ಳುತ್ತೆ, ಪಟ್ಟಿ ಮಾಡೋದೂ ಅದೇ ಕೆಲಸ.

ನಮ್ಮಲ್ಲಿ ಏನಾಗುತ್ತೆ ಅಂದ್ರೆ ಲಿಂಟಲ್ ಅಂದ್ರೆ ಬಾಗಿಲ ಮೇಲೆ ಒಂದು ತುಂಡು, ಕಿಟಕಿ ಮೇಲೆ ಒಂದು ತುಂಡು, ಜೊತೆಗೊಂದು ಸಜ್ಜಾ, ಮುಗೀತು. ಆ ತುಂಡುಗಳನ್ನೇ ಉದ್ದ ಮಾಡಿ ಹೊರಗೋಡೆ, ಒಳಗೋಡೆ ಎಲ್ಲದರ ಮೇಲೂ ಎಲ್ಲೂ ಕಡಿಯದಂಗೆ ಸುತ್ತು ತಂದ್ರೆ ಅದೇ ಲಿಂಟಲ್ ಬ್ಯಾಂಡ್. ಮೂರಿಂಚು ದಪ್ಪ ಸಾಕು, 10 ಎಂಎಂ ಕಂಬಿ ಎರಡು, ಆರಿಂಚಿಗೊಂದು 6 ಎಂಎಂ ಅಡ್ಡಕಂಬಿ. 20 ಬೈ 30ರ ಮನೆಗೆ ನಾನು ಹಾಕಿದ ಲೆಕ್ಕ ಹೇಳ್ತೀನಿ, ಸುತ್ತು ನೂರಡಿ, ಒಳಗೋಡೆ ಮೂವತ್ತಡಿ, ಒಟ್ಟು 40 ಮೀಟರ್ ಅಂದ್ಕೊಳ್ರಿ. ಉದ್ದ ಕಂಬಿ 50 ಕೆಜಿ, ಅಡ್ಡಕಂಬಿ ಹದಿನೈದು ಕೆಜಿ, ಒಂಬತ್ತಿಂಚು ಗೋಡೆಗೆ ಕಾಂಕ್ರೀಟ್ ಮುಕ್ಕಾಲು ಘನ ಮೀಟರಿಗಿಂತ ಕಡಿಮೆ. ಇಷ್ಟೇ! ಮುಂದಿನ ಗೇಟಿಗೆ ಲೇಸರ್ ಕಟಿಂಗ್ ಡಿಸೈನ್ ಹಾಕಿಸ್ತೀರಲ್ಲ, ಅದಕ್ಕಿಂತ ಅಗ್ಗ.

ಆದ್ರೆ ಈ ಪಟ್ಟಿ ಕೆಡೋದು ಮೂಲೇಲೇ. ಬಾರ್ ಬೆಂಡರ್ ಹುಡುಗ ಏನ್ ಮಾಡ್ತಾನೆ, ಈ ಗೋಡೆ ಕಂಬಿನ ಮೂಲೆ ತನಕ ತಂದು ನಿಲ್ಲಿಸ್ತಾನೆ, ಆ ಗೋಡೆ ಕಂಬಿನೂ ಮೂಲೆ ತನಕ ತಂದು ನಿಲ್ಲಿಸ್ತಾನೆ, ಮೇಲಿಂದ ನೋಡಿದ್ರೆ ಸೇರಿದಂಗೇ ಕಾಣುತ್ತೆ, ಕಾಂಕ್ರೀಟ್ ಬಿದ್ಮೇಲೆ ದೇವರಿಗೂ ಕಾಣಲ್ಲ. ಅಲ್ಲಿ ಕಂಬಿ ಎಲ್ ಆಕಾರಕ್ಕೆ ಬಗ್ಗಿ ಪಕ್ಕದ ಗೋಡೆ ಒಳಗೆ ಕನಿಷ್ಠ ಒಂದೂವರೆ ಅಡಿ ಹೋಗಿ, ಆ ಕಡೆ ಕಂಬಿ ಜೊತೆ ಜೋಡಿಯಾಗಿ ಬೈಂಡಿಂಗ್ ವೈರಲ್ಲಿ ಕಟ್ಟಿರ್ಬೇಕು. ಮನೆ ಯಜಮಾನರು ಕಾಂಕ್ರೀಟ್ ಹಾಕೋ ಹಿಂದಿನ ಸಂಜೆ ಹೋಗಿ ಮೂಲೆಗಳನ್ನ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ, ಇಂಜಿನಿಯರಿಗೆ ಕಳಿಸಿ.

ಪಟ್ಟಿ ಜೊತೆಗೆ ಮೂಲೆಗೊಂದು ನಿಲುವು ಕಂಬಿ, ಪಾಯದಿಂದ ಮೇಲಿನ ಸ್ಲ್ಯಾಬ್ ತನಕ. ಬಾಗಿಲು ಕಿಟಕಿ ಮೂಲೆಯಿಂದ ಎರಡಡಿ ದೂರ ಇರ್ಬೇಕು. ಇದಕ್ಕೆ ದೊಡ್ಡ ವೈರಿ ಅಂದ್ರೆ ನಮ್ಮ ವಾಸ್ತು, ಈಶಾನ್ಯ ಮೂಲೇಗೆ ಕಿಟಕಿ ಬೇಕೇ ಬೇಕು ಅಂತ ಹಟ ಹಿಡಿದು ಮೂಲೆ ಇಟ್ಟಿಗೆಗೇ ಚೌಕಟ್ಟು ಅಂಟಿಸಿಸ್ತಾರೆ. ಈಶಾನ್ಯ ಬಿಡ್ಬೇಡಿ, ಎರಡಡಿ ಈಚೆ ತನ್ನಿ ಅಷ್ಟೇ, ಈಶ್ವರ ಅಷ್ಟು ಅಡ್ಜಸ್ಟ್ ಮಾಡ್ಕೊತಾನೆ.

ಕಲ್ಲಲ್ಲೇ ಕಟ್ತೀವಿ ಅನ್ನೋರಿಗೆ: ಕಟ್ರಿ, ಶಹಾಬಾದ್ ಕಲ್ಲಿನ ಸೀಮೇಲಿ ಕುಂತು ಕಲ್ಲು ಬೇಡ ಅನ್ನೋಕಾಗುತ್ತಾ. ಗೋಡೆ ಒಂದೂವರೆ ಅಡಿ ಮೀರಬಾರದು, ದಪ್ಪ ಜಾಸ್ತಿ ಆದಷ್ಟು ನಡುವೆ ಪೊಳ್ಳು ಜಾಸ್ತಿ. ಎರಡಡಿ ಎತ್ತರಕ್ಕೊಮ್ಮೆ, ಅಡ್ಡಕ್ಕೆ ನಾಲ್ಕಡಿ ಒಳಗೆ ಒಂದೊಂದು, ಈ ಮುಖದಿಂದ ಆ ಮುಖಕ್ಕೆ ಹೋಗೋ ಉದ್ದ ಕಲ್ಲು ಇಡ್ಬೇಕು. ಅಷ್ಟುದ್ದದ ಕಲ್ಲು ಸಿಗಲ್ಲ ಅಂದ್ರೆ ನೆಲದ ಮೇಲೇ ಕಾಂಕ್ರೀಟಿನ ತುಂಡು ಎರಕ ಹೊಯ್ದಿಟ್ಕೊಂಡು ಹಾಕಿ. ಐಎಸ್ 13828 ಅಂತ ಒಂದು ಕೋಡೇ ಇದೆ ಇದಕ್ಕೆ, ಕಲ್ಲು ಮತ್ತು ಕಡಿಮೆ ಗಟ್ಟಿ ಇಟ್ಟಿಗೆ ಮನೆಗೆ ಅಂತಾನೇ ಬರೆದಿದ್ದು, ಹಸಿ ಮಣ್ಣಿನ ಮನೆಗೆ 13827. ಎರಡೂ 1993ರವು, ಕಿಲ್ಲಾರಿ ಆದ ವರ್ಷದ್ದೇ. ಚಾವಣಿಗೆ ಪತ್ರಾ, ಅಂದ್ರೆ ತಗಡು, ಹಾಕೋರು ಗಾಳಿಗೆ ಹಾರುತ್ತೆ ಅಂತ ಮೇಲೆ ಕಲ್ಲು ಹೇರಿಡ್ತಾರೆ, ಹಗುರ ಚಾವಣಿಯಿಂದ ಆಗೋ ಲಾಭ ಎಲ್ಲ ಆ ಕಲ್ಲಲ್ಲೇ ಹೋಯ್ತು, ಜೆ ಹುಕ್, ಅಂದ್ರೆ ಜೆ ಆಕಾರದ ಕೊಕ್ಕೆ, ಬಿಗಿದು ಕಲ್ಲು ಕೆಳಗಿಳಿಸಿ.

ಇಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಕೆ.ಎಸ್. ಜಗದೀಶ್ ಅವರ ಹೆಸರು ಹೇಳ್ಲೇಬೇಕು. ಗಟ್ಟಿ ಮಣ್ಣಿನ ಇಟ್ಟಿಗೆ ಮೇಲೆ ಕೆಲಸ ಮಾಡಿದೋರು ಅಂತ ಬಹಳ ಜನಕ್ಕೆ ಗೊತ್ತು, ಭುಜ್ ಆದ್ಮೇಲೆ ಅವರೂ ಅವರ ಜೊತೆಗಾರರೂ ಅಲ್ಲಿ ಇಟ್ಟಿಗೆ ಕಲ್ಲಿನ ಮನೆ ಹೆಂಗೆ ಬಿದ್ವು ಅಂತ ಅಧ್ಯಯನ ಮಾಡಿದ್ರು. ಅವರ ಒಂದು ಸಲಹೆ ನನಗೆ ಬಹಳ ಹಿಡಿಸಿದ್ದು, ನಿಲುವು ಕಂಬಿನ ಗೋಡೆಯ ಹೊಟ್ಟೆ ಒಳಗೆ ಬಚ್ಚಿಡೋ ಬದಲು ಎರಡೂ ಮುಖದ ಮೇಲೆ ಇಟ್ಟು, ಗಾರೆ ಸಂದಿಯಿಂದ ಹಾಯಿಸಿದ ಸಣ್ಣ ಕಂಬಿಯಿಂದ ಎರಡನ್ನೂ ಕಟ್ಟೋದು, ಮೇಲೆ ಪ್ಲಾಸ್ಟರ್. ಗೋಡೆ ಬಾಗಿದಾಗ ಮೊದಲು ಬಿರಿಯೋದು ಮೇಲ್ಮೈ, ಕಂಬಿ ಅಲ್ಲೇ ಇದ್ರೆ ಅಲ್ಲೇ ಹಿಡಿಯುತ್ತೆ.

ಇಷ್ಟು ಹೊತ್ತು ಪಿಲ್ಲರ್ ಮನೆಯವರು ಆರಾಮಾಗಿ ಕೂತಿದ್ರಿ, ಈಗ ನಿಮ್ಮ ಸರದಿ. 2001ರ ಜನವರಿ 26, ಬೆಳಗ್ಗೆ 8:46, ಕೇಂದ್ರ ಇದ್ದಿದ್ದು ಭುಜ್ ಹತ್ರ. ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಲ್ಲಿ ಹತ್ತಾರು ಅಪಾರ್ಟ್‌ಮೆಂಟ್ ಕುಸಿದ್ವು, ನೂರಾರು ಜನ ಸತ್ರು. ಅಹಮದಾಬಾದ್ ಮೂರನೇ ವಲಯ, ಅಂದ್ರೆ ನಮ್ಮ ಮಂಗಳೂರು ಬೆಳಗಾವಿ ಇರೋ ವಲಯನೇ. ಬಿದ್ದವುಗಳಲ್ಲಿ ಬಹಳಷ್ಟರದ್ದು ಒಂದೇ ಕಥೆ, ಕೆಳಗೆ ಪಾರ್ಕಿಂಗ್ ಅಂತ ಬರೀ ಪಿಲ್ಲರ್, ಮೇಲೆ ಎಲ್ಲಾ ಮಹಡಿಗೂ ಇಟ್ಟಿಗೆ ಗೋಡೆ. ಮೇಲಿಂದೆಲ್ಲ ಒಂದು ಗಟ್ಟಿ ಡಬ್ಬಿ ಆಗಿರುತ್ತೆ, ಅಲುಗಾಟ ಪೂರ್ತಿ ಕೆಳಗಿನ ಪಿಲ್ಲರ್ ತಲೆಗೆ ಬರುತ್ತೆ. ಈಗ ಬೆಂಗಳೂರಲ್ಲಿ 30 ಬೈ 40 ಸೈಟಿನ ಬಾಡಿಗೆ ಬಿಲ್ಡಿಂಗ್ ಯಾವುದಾದ್ರೂ ನೋಡಿ, ಕೆಳಗೆ ಕಾರು, ಮೇಲೆ ನಾಲ್ಕು ಮಹಡಿ, ಪಿಲ್ಲರ್ ಒಂಬತ್ತಿಂಚು. ಒಂಬತ್ತಿಂಚು ಯಾಕೆ ಅಂದ್ರೆ ಗೋಡೆ ಒಳಗೆ ಮುಚ್ಚೋಗ್ಲಿ, ಸೋಫಾ ಇಡೋಕೆ ಮೂಲೆ ನೀಟಾಗಿರ್ಲಿ ಅಂತ! ಭೂಕಂಪಕ್ಕಂತಲೇ ಇರೋ ಐಎಸ್ 13920, ಅದರ 2016ರ ರೂಪದಲ್ಲಿ ಪಿಲ್ಲರಿನ ಸಣ್ಣ ಬದಿ ಕನಿಷ್ಠ 300 ಎಂಎಂ ಅಂತ ಹೇಳುತ್ತೆ, ಅಂದ್ರೆ ಒಂದಡಿ. ಅದರ ಮೇಲೆ ಕೆಲವು ಬಿಲ್ಡಿಂಗ್ ನಿಂತಿರೋದು ಮುಚ್ಚಿದ ಕೆರೆ ಅಂಗಳದಲ್ಲಿ, ಮೆತ್ತನೆ ಮಣ್ಣು ಅಲುಗಾಟನ ಇನ್ನೂ ದೊಡ್ಡದು ಮಾಡುತ್ತೆ.

ಪಾರ್ಕಿಂಗ್ ಬೇಡ ಅಂತ ಹೇಳೋಕಾಗಲ್ಲ, ರೋಡಲ್ಲಿ ನಿಲ್ಸಿದ್ರೆ ಅದೂ ಜಗಳ. ಹಿಂದಿನ ಬದಿ, ಎರಡು ಪಕ್ಕದ ಬದಿ ಪಿಲ್ಲರ್ ನಡುವೆ ಕೆಲವು ಕಡೆ ಕಾಂಕ್ರೀಟ್ ಗೋಡೆ ಎತ್ತಿ, ಪಾಯದಿಂದ ಮೇಲಿನ ತನಕ. ಎಲ್ಲಿ ಎಷ್ಟು ಅನ್ನೋದು ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ, ಒಂದೇ ಬದಿಗೆ ಹಾಕಿದ್ರೆ ಬಿಲ್ಡಿಂಗ್ ತಿರುಚ್ಕೊಳ್ಳುತ್ತೆ.

ಈಗ ಕೊಕ್ಕೆ. ಪಿಲ್ಲರಿನ ಉದ್ದ ಕಂಬಿ ಸುತ್ತ ಹಾಕೋ ರಿಂಗು ನೋಡಿ, ಅದರ ಎರಡು ತುದಿ ಎಲ್ಲಿ ಮುಗಿಯುತ್ತೆ? ನಮ್ಮ ಸೈಟಲ್ಲಿ ಹೆಚ್ಚಾಗಿ 90 ಡಿಗ್ರಿ, ಅಂದ್ರೆ ಮೂಲೆ ಕಂಬಿನ ಮುಟ್ಟಿ ಪಕ್ಕಕ್ಕೆ ತಿರುಗಿ ಹೊರಗಿನ ಕವರ್ ಕಾಂಕ್ರೀಟ್, ಅಂದ್ರೆ ಕಂಬಿ ಮುಚ್ಚೋ ಹೊರಪದರದ ಒಳಗೇ ಮಲಗಿರುತ್ತೆ. ಜೋರಾಗಿ ಅಲುಗಾಡಿದಾಗ ಮೊದಲು ಉದುರೋದು ಆ ಕವರೇ. ಅದು ಉದುರಿದ ಮೇಲೆ ರಿಂಗಿನ ತುದಿ ಹಿಡಿಯೋಕೆ ಏನೂ ಇಲ್ಲ, ಬಿಚ್ಕೊಳ್ಳುತ್ತೆ, ಉದ್ದ ಕಂಬಿ ಹೊರಗೆ ಬಾಗುತ್ತೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತೆ. 135 ಡಿಗ್ರಿ ಬಗ್ಗಿಸಿದ್ರೆ ತುದಿ ಪಿಲ್ಲರಿನ ನಡುಗರ್ಭಕ್ಕೆ ಚುಚ್ಕೊಂಡಿರುತ್ತೆ, ಕವರ್ ಹೋದ್ರೂ ಬಿಡಲ್ಲ. ತುದಿ ಉದ್ದ ಕನಿಷ್ಠ 65 ಎಂಎಂ, ಎರಡೂವರೆ ಇಂಚು. ಯಾಕೆ ಮಾಡಲ್ಲ ಅಂದ್ರೆ, ಬಾರ್ ಬೆಂಡಿಂಗ್ ದರ ಟನ್ ಲೆಕ್ಕದಲ್ಲಿ, 135ರ ರಿಂಗ್ ಬಗ್ಗಿಸೋಕೂ ಹೊತ್ತು, ಕಂಬಿ ಮೇಲೆ ಇಳಿಸೋಕೂ ಹೊತ್ತು, ತೂಕ ಮಾತ್ರ ಹೆಚ್ಚೇನಾಗಲ್ಲ. ಹುಡುಗರನ್ನ ಬೈದು ಪ್ರಯೋಜನ ಇಲ್ಲ, ರಿಂಗಿಗೆ ಅಂತ ಬೇರೆ ಕೂಲಿ ಮಾತಾಡಿ. ಇದೇ ತರ ಬೀಮು ಪಿಲ್ಲರ್ ಸೇರೋ ಗಂಟಿನ ಒಳಗೆ ರಿಂಗ್ ಹಾಕೋದನ್ನ ಎಲ್ರೂ ಮರೀತಾರೆ, ಕೈ ಹೋಗಲ್ಲ ಸರ್ ಅಂತಾರೆ, ಬೀಮ್ ಕಂಬಿ ಕೂರಿಸೋಕೆ ಮುಂಚೆ ಹಾಕಿದ್ರೆ ಹೋಗುತ್ತೆ. ಪಿಲ್ಲರಿನ ಉದ್ದ ಕಂಬಿಗೆ ಮೇಲಿನ ಕಂಬಿ ಸೇರಿಸೋ ಜೋಡಣೆನ ಸ್ಲ್ಯಾಬ್ ಮೇಲೆ, ಪಿಲ್ಲರಿನ ಬುಡದ ಹತ್ರಾನೇ ಕೊಡ್ತಾರೆ, ಅಲ್ಲೇ ಒತ್ತಡ ಜಾಸ್ತಿ, ಅದನ್ನ ಪಿಲ್ಲರಿನ ನಡು ಎತ್ತರಕ್ಕೆ ಒಯ್ಯಿರಿ.

ಇನ್ನು ಪ್ರಶ್ನೆಗಳು.

ಒಬ್ಬ ಹಿರಿಯರು ಕೇಳಿದ್ರು, "ಸರ, ನಮ್ಮಪ್ಪ ಕಟ್ಟಿಸಿದ ಕಲ್ಲಿನ ಮನಿ ಅದ, ಕೆಡವಬೇಕೇನ್ರಿ?" ಬೇಡ್ರಿ ಯಜಮಾನ್ರೆ. ಕಿಲ್ಲಾರಿ ಆದ್ಮೇಲೆ ಊರೂರನ್ನೇ ಬೇರೆ ಜಾಗಕ್ಕೆ ಎತ್ತಿ ಕಟ್ಟಿದ್ದು ಎಲ್ರಿಗೂ ಗೊತ್ತು, ಆದ್ರೆ ಅದರ ಜೊತೆಗೇ ಲಕ್ಷಗಟ್ಲೆ ಮನೆಗೆ ರಿಪೇರಿ ಮತ್ತು ಬಲಪಡಿಸೋ ಕೆಲಸನೂ ಆಯ್ತು. ಮೊದಲು ಮಾಳಿಗೆ ಮೇಲಿನ ಹೆಚ್ಚುವರಿ ಮಣ್ಣು ಇಳಿಸಿ, ಸೋರದಂಗೆ ತೆಳು ಪದರ ಮಾಡಿ. ಎರಡನೇದು ಗೋಡೆ. ನಾಲ್ಕಡಿಗೊಂದರಂಗೆ ಒಂದು ಕಲ್ಲು ಮೆಲ್ಲಗೆ ಬಿಡಿಸಿ ತೆಗೀರಿ, ಸುತ್ತಿಗೆಲಿ ಬಡೀಬೇಡಿ, ಸಲಾಕೆಯಿಂದ ಸಡಿಲ ಮಾಡಿ. ಆಚೆ ಮುಖದ ತನಕ ಮೂರಿಂಚಿನ ತೂತು ಕೊರೆದು, ಎರಡೂ ತುದಿಗೆ ಕೊಕ್ಕೆ ಇರೋ 8 ಎಂಎಂ ಕಂಬಿ ಇಟ್ಟು, ಕಾಂಕ್ರೀಟ್ ತುಂಬಿ, ಹತ್ತು ದಿನ ನೀರುಣಿಸಿ. ಆಮೇಲೆ ಲಿಂಟಲ್ ಮಟ್ಟಕ್ಕೆ ಒಳಗೂ ಹೊರಗೂ ವೆಲ್ಡೆಡ್ ಮೆಶ್, ಅಂದ್ರೆ ಬೆಸೆದ ತಂತಿ ಜಾಲರಿಯ ಪಟ್ಟಿ ಸುತ್ತಿ ಸಿಮೆಂಟ್ ಗಾರೆ, ಮೂಲೆಗಳಿಗೂ ನಿಲುವಾಗಿ ಅದೇ ಮೆಶ್. ಮರದ ಕಂಬ ತೊಲೆ ಸೇರೋ ಕಡೆ ಅಡ್ಡ ಬಿಗಿ ಕೊಡಿ. ಅಲ್ಲೀತನಕ ಹಾಸಿಗೆನ ಕಲ್ಲು ಗೋಡೆ ಬುಡದಿಂದ ಈಚೆ ಎಳ್ಕೊಳ್ಳಿ.

ಒಬ್ಬ ಗೌಂಡಿ ತಮ್ಮ ಕೇಳಿದ, "ನಾ ಹೇಳ್ತೀನ್ರಿ, ಮಾಲಕ್ರು ಕೇಳಂಗಿಲ್ಲ, ರೊಕ್ಕ ಜಾಸ್ತಿ ಆಗ್ತದ ಅಂತಾರ." ಹಾಲಲ್ಲಿ ಎಲ್ರೂ ನಕ್ರು, ಮಾಲಕ್ರೂ ಅಲ್ಲೇ ಕೂತಿದ್ರು. ಅವನಿಗೆ ಹೇಳಿದ್ದು ಇಷ್ಟೇ, ರೇಟ್ ಕೊಡುವಾಗ ಪಟ್ಟಿನ ಬೇರೆ ಐಟಂ ಮಾಡಿ ತೋರಿಸ್ಬೇಡ, ಲಿಂಟಲ್ ಅನ್ನೋದರ ಒಳಗೇ ಸೇರಿಸಿ ಹೇಳು. ಬೇರೆ ಸಾಲಲ್ಲಿ ಬರೆದಿದ್ದೆಲ್ಲಾ ಕೊಯ್ಯೋಕೆ ಅಂತಾನೇ ಇರುತ್ತೆ.

ಕೊನೇ ಪ್ರಶ್ನೆ ಒಬ್ಬ ಮೇಡಂದು, ಮನೆ ಆಗ್ಲೇ ಕಟ್ಟಿ ಆಗಿದೆ, ಪಿಲ್ಲರ್ ಒಂಬತ್ತಿಂಚು, ರಿಂಗ್ ಹೆಂಗಿದೆ ಅಂತ ಕಾಣಲ್ಲ, ಈಗೇನು ಮಾಡ್ಬೇಕು ಅಂತ. ಗ್ರೌಂಡ್ ಮತ್ತೆ ಒಂದು ಮಹಡಿ ಇದ್ದು, ಕೆಳಗೂ ಮೇಲೂ ಗೋಡೆ ಒಂದೇ ಸಮ ಇದ್ರೆ ನಮ್ಮ ವಲಯಕ್ಕೆ ಗಾಬರಿ ಬೀಳೋ ಅಗತ್ಯ ಕಡಿಮೆ. ಆದ್ರೆ ಬಾಡಿಗೆ ಬರುತ್ತೆ ಅಂತ ಅದರ ಮೇಲೆ ಎರಡನೇದು ಮೂರನೇದು ಎತ್ತೋ ಪ್ಲಾನ್ ಇದ್ರೆ, ಅಥವಾ ಅಂಗಡಿ ಮಾಡೋಕೆ ಕೆಳಗಿನ ಗೋಡೆ ಒಡೆಯೋ ಯೋಚನೆ ಇದ್ರೆ, ಇಟ್ಟಿಗೆ ಲಾರಿ ತರಿಸೋಕೆ ಮುಂಚೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನ ಕರೆಸಿ ಪಿಲ್ಲರ್ ಪರೀಕ್ಷೆ ಮಾಡಿಸಿ. ಬೇಕಾದ್ರೆ ಪಿಲ್ಲರ್ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಕವಚ ಹಾಕಬಹುದು. ಆ ಖರ್ಚು ಬೇಡ ಅಂದ್ರೆ ಮೇಲೆ ಟೆರೇಸ್ ಹಂಗೇ ಬಿಡಿ, ಹಪ್ಪಳ ಸಂಡಿಗೆ ಒಣಗಿಸೋಕೂ ಜಾಗ ಬೇಕಲ್ಲ.